ಮೆರುಗಿನ ಗಲ್ಲಿ

ಬೆಂಗಳೂರಿನ ಪುರಭವನದ ಮೆಟ್ಟಿಲುಗಳನ್ನು ಬೆನ್ನಿಗೆ ಬಿಟ್ಟು, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ಕಟ್ಟಿದ ಕಲಾಕ್ಷೇತ್ರವನ್ನು ದಾಟಿ, ಮಿನರ್ವ ವೃತ್ತದ ಕಡೆಗೆ ಹೆಜ್ಜೆ ಹಾಕುವವನಿಗೆ ಒಂದು ಸಂಗತಿ ಬಲು ಬೇಗ ಅರಿವಾಗುತ್ತದೆ. ಈ ಬೀದಿಯಲ್ಲಿ ಮನುಷ್ಯನಿಗೆ ಬೇಕಾದ ಪದಾರ್ಥಗಳು ಕಡಿಮೆ. ಮೋಟಾರಿಗೆ ಬೇಕಾದವೇ ಹೆಚ್ಚು. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತು, ಜನರ ನಾಲಗೆಯ ಮೇಲೆ ‘ಜೆ. ಸಿ. ರೋಡ್’ ಎಂದು ಮೊಟಕಾಗಿರುವ ಈ ರಸ್ತೆಯ ಅಂಗಡಿಗಳಲ್ಲಿ ಆಸನಕ್ಕೆ ತೊಡಿಸುವ ಕವರುಗಳು, ಕಾಲಡಿಗೆ ಹಾಸುವ ಮ್ಯಾಟುಗಳು, ದೀಪಗಳು, ಹಾರನ್ನುಗಳು, ಪಕ್ಕದ ಕನ್ನಡಿಗಳು ತೋರಣ ಕಟ್ಟಿದಂತೆ ತೂಗಾಡುತ್ತಿರುತ್ತವೆ. ಚಾಲಕನ ಎದುರಿಗೆ ಕೂರಿಸಲು ಹೆಬ್ಬೆರಳೆತ್ತರದ ಗಣಪತಿ, ಅದರ ಪಕ್ಕದಲ್ಲಿ ಶಿಲುಬೆ, ಅದರಾಚೆ ಬೆಳ್ಳಿಯ ಬಣ್ಣದ ಅರಬ್ಬಿ ಬರಹ. ಮೂರನ್ನೂ ಒಂದೇ ಅಂಟಿನಿಂದ ಅಂಟಿಸಿಕೊಡುತ್ತಾರೆ. ಮಿನರ್ವ ಎಂಬ ಚಿತ್ರಮಂದಿರ ಮಾಯವಾಗಿ ಕಾಲವಾಯಿತು. ವೃತ್ತ ಮಾತ್ರ ಆ ಹೆಸರನ್ನು ಬಿಟ್ಟಿಲ್ಲ. ಇಲ್ಲದ್ದರ ಹೆಸರಿನಲ್ಲಿ ವಿಳಾಸ ಹೇಳುವುದು ಬೆಂಗಳೂರಿಗರ ಹಳೆಯ ಅಭ್ಯಾಸ.

ದೊಡ್ಡ ರಸ್ತೆಯ ಈ ಥಳಕನ್ನು ಬಿಟ್ಟು ಹಿಂದಣ ಗಲ್ಲಿಗಳನ್ನು ಹೊಕ್ಕರೆ ಅಲ್ಲಿ ಇನ್ನೊಂದು ಲೋಕ. ನುಗ್ಗಾದ ಬಾಗಿಲನ್ನು ಒಳಗಿನಿಂದ ಬಡಿದು ಸಮಮಾಡುವವರು, ಹಳ್ಳಕ್ಕೆ ಪುಟ್ಟಿ ಮೆತ್ತುವವರು, ಅದನ್ನು ನೀರುಕಾಗದದಿಂದ ಉಜ್ಜುವವರು, ಹಳೆಯ ವೃತ್ತಪತ್ರಿಕೆಗಳನ್ನು ಗಾಜಿಗೆ ಅಂಟಿಸಿ ಬಣ್ಣ ಹಾರಿಸುವವರು. ಥಿನ್ನರಿನ ವಾಸನೆ ಗಾಳಿಯಲ್ಲಿ ನಿಂತೇ ಇರುತ್ತದೆ. ಜಾಗ ಸಾಲದ್ದರಿಂದಲೂ ಬೆಳಕು ಬೇಕಾದ್ದರಿಂದಲೂ ಈ ಕಸುಬಿನವರೆಲ್ಲರೂ ಕೆಲಸವನ್ನು ಬೀದಿಗೇ ತಂದುಕೊಂಡಿದ್ದಾರೆ. ಅಂಥ ಗಲ್ಲಿಯೊಂದರ ಕೊನೆಯಲ್ಲಿರುವ ಒಂದು ಶೆಡ್ಡು ಮಾತ್ರ ಹಗಲಿಗೇ ಬಾಗಿಲಿಕ್ಕಿಕೊಂಡಂತಿದೆ. ಷಟರು ಅರ್ಧಕ್ಕಿಳಿದಿದೆ, ಕಿಟಕಿಗಳಿಗೆ ಕಪ್ಪು ಹಾಳೆ. ಒಳಗೆ ಕೋಲಿಗೆ ಕಟ್ಟಿದ ಒಂದು ದೀಪ, ಅದರ ಕೆಳಗೆ ಒಂದು ಮೋಟಾರು, ಆ ಮೋಟಾರಿನ ಮೈಗೆ ಕಣ್ಣು ತಾಗಿಸುವಷ್ಟು ಬಾಗಿ ನಿಂತ ಒಬ್ಬ ಮುದುಕ.

ಈತನನ್ನು ಹುಡುಗರು ಉಸ್ತಾದ್ ಎನ್ನುತ್ತಾರೆ; ಗಿರಾಕಿಗಳು ಮೇಸ್ತ್ರಿ ಎನ್ನುತ್ತಾರೆ. ಆಂಬಾಸಡರ್ ಮತ್ತು ಫಿಯಟ್ ಗಾಡಿಗಳು ಊರನ್ನು ಆಳುತ್ತಿದ್ದ ದಿನಗಳಲ್ಲಿ ಈತ ಕಸುಬಿಗೆ ಬಂದವನು. ಆಗಿನ ಪಾಲಿಷ್ ಎಂದರೆ ಡಬ್ಬಿಯೊಳಗಿನ ರಬ್ಬಿಂಗ್ ಕಾಂಪೌಂಡು, ಒಂದು ಹಿಡಿ ಹತ್ತಿಯ ವೇಸ್ಟು, ಮತ್ತು ತೋಳಿನ ಬಲ. ಅಂದಿನ ಬಣ್ಣ ಒಂದೇ ಪದರಿನದು. ಉಜ್ಜಿದರೆ ಗಾಡಿಯ ಬಣ್ಣವೇ ಬಟ್ಟೆಗೆ ಹತ್ತುತ್ತಿತ್ತು. ಸಂಜೆಗೆ ಬಟ್ಟೆ ಹಸಿರಾಗಿದ್ದರೆ ಅಂದು ಹಸಿರು ಗಾಡಿ ಬಂದಿತ್ತೆಂದು ಮನೆಯವರು ತಿಳಿಯುತ್ತಿದ್ದರಂತೆ. ಆಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದಕ್ಕೂ ಬಹಳ ಮೊದಲೇ ಗಾಡಿಗಳ ಬಣ್ಣದ ರೀತಿ ಬದಲಾಗಿ, ಬಣ್ಣದ ಪದರಿನ ಮೇಲೆ ನೀರಿನಂತೆ ತಿಳಿಯಾದ ಇನ್ನೊಂದು ಪದರು ಬಂದು ಕುಳಿತಿತ್ತು. ಕಸುಬಿನವರು ಅದನ್ನು ‘ಕ್ಲಿಯರ್’ ಎನ್ನುತ್ತಾರೆ. ಈಗ ಉಜ್ಜಿದರೆ ಬಟ್ಟೆಗೆ ಯಾವ ಬಣ್ಣವೂ ಹತ್ತುವುದಿಲ್ಲ. ಹೋದದ್ದು ಕಣ್ಣಿಗೆ ಕಾಣುವುದಿಲ್ಲವೆಂಬುದೇ ಇಂದಿನ ಕೆಲಸದ ಅಪಾಯ.

2025ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಆಯುಧಪೂಜೆಗೆ ಇನ್ನೂ ಮೂರು ವಾರಗಳಿರುವಾಗ, ಈ ಶೆಡ್ಡಿನ ಮುಂದೆ ಕಡುನೀಲಿಯ ಕಾರೊಂದು ಬಂದು ನಿಂತಿತು. ನಡೆಸಿಕೊಂಡು ಬಂದವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಒಬ್ಬ ಗೃಹಸ್ಥರು. ಹಿಂದಿನ ಆಸನದಲ್ಲಿ, ಬಾಗಿಲಿಗೆ ಒತ್ತಿಕೊಂಡು, ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ ಕುಳಿತಿದ್ದ. ಆ ಕಾರನ್ನು ದಿನವೂ ಒರೆಸುವವನು ಅವನು. ಅಂದು ಅದರೊಳಗೆ ಮೊದಲ ಬಾರಿಗೆ ಕುಳಿತಿದ್ದ.

“ನೋಡಿ ಮೇಸ್ತ್ರಿ, ಇವನು ಮಾಡಿರೋ ಕೆಲಸಾನ,” ಎಂದರು ಗೃಹಸ್ಥರು, ಇಳಿಯುತ್ತಲೇ. “ಗಾಡಿ ಮೇಲೆಲ್ಲಾ ಜೇಡರಬಲೆ ಕಟ್ಟಿಟ್ಟಿದ್ದಾನೆ. ನಿಮ್ಮ ಬಾಯಿಂದಲೇ ಅವನಿಗೆ ಹೇಳಿ. ಇದಕ್ಕೆ ಎಷ್ಟು ಖರ್ಚಾಗುತ್ತೋ ಅದು ಅವನ ಸಂಬಳದಿಂದಲೇ ಬರಬೇಕು.”

ಗಲ್ಲಿಯ ನೆರಳಿನಲ್ಲಿ ಆ ಕಾರಿಗೆ ಏನೂ ಆದಂತಿರಲಿಲ್ಲ. ಮೇಸ್ತ್ರಿ ಅದನ್ನು ನಾಲ್ಕು ಮಾರು ಮುಂದಕ್ಕೆ, ಬಿಸಿಲು ಬಿದ್ದಿದ್ದ ಕಡೆಗೆ ತರಿಸಿದ. ಆಗ ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ ಮೂಡಿ, ಬಿಂಬದ ಸುತ್ತ ಕೂದಲಿನಷ್ಟು ಸಣ್ಣ ಗೀರುಗಳು ಸುತ್ತುಸುತ್ತಾಗಿ ಹಬ್ಬಿ, ನಡುವೆ ಸೂರ್ಯನನ್ನೇ ಹಿಡಿದಿಟ್ಟುಕೊಂಡ ಬಲೆಯೊಂದು ಎದ್ದು ಕಂಡಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲೆಯೂ ಬಿಂಬದೊಡನೆ ಸರಿಯಿತು.

ಇದರಲ್ಲಿ ಒಂದು ಸೋಜಿಗವಿದೆ. ಆ ಗೀರುಗಳಲ್ಲಿ ಬಹುಪಾಲು ಸುತ್ತಾಗಿಲ್ಲ. ಅವು ನೇರವಾಗಿಯೋ ಸೊಟ್ಟವಾಗಿಯೋ ದಿಕ್ಕುದಿಕ್ಕಿಗೆ ಎಳೆದಂಥವು; ಗಾಡಿಯ ಮೈತುಂಬ ಇರುವಂಥವು. ಆದರೆ ಬೆಳಕಿಗೆ ಅಡ್ಡಲಾಗಿ ಬಿದ್ದಿರುವ ಗೀರು ಮಾತ್ರವೇ ಬೆಳಕನ್ನು ನೋಡುವವನ ಕಣ್ಣಿಗೆ ತಿರುಗಿಸಬಲ್ಲದು. ಮಿಕ್ಕವುಗಳ ಬೆಳಕು ಬೇರೆ ಕಡೆಗೆ ಹೋಗುತ್ತದೆ. ಹಾಗಾಗಿ ಬಿಂಬದ ಸುತ್ತ ಅಡ್ಡಲಾಗಿರುವವಷ್ಟೇ ಮಿನುಗಿ, ಎಲ್ಲ ಸೇರಿ ವೃತ್ತಗಳಂತೆ ತೋರುತ್ತವೆ. ಬಹಳ ಕಾಲ ಬಳಸಿದ ಸ್ಟೀಲಿನ ತಟ್ಟೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಡಿಗೆಮನೆಯಲ್ಲೂ ಈ ಬಲೆಯನ್ನು ಕಾಣಬಹುದು. ಬಿಳಿಯ ಗಾಡಿಯಲ್ಲಿ ಇದು ಅಡಗಿರುತ್ತದೆ. ಕಪ್ಪು, ಕಡುನೀಲಿ, ಕಡುಗೆಂಪಿನಲ್ಲಿ ಅಡಗಲಾರದು.

ಬೆಂಗಳೂರಿನ ಬಡಾವಣೆಗಳಲ್ಲಿ ಈ ಬಲೆಯನ್ನು ಹೆಣೆಯುವ ಹೊತ್ತು ಬೆಳಗಿನ ಜಾವ. ಐದು ಗಂಟೆಯ ಸುಮಾರಿಗೆ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಬಕೆಟ್ಟಿನ ಸದ್ದು ಕೇಳತೊಡಗುತ್ತದೆ. ಕಾರು ಒರೆಸುವವರು ಬಹುಮಟ್ಟಿಗೆ ದೂರದಿಂದ ಬಂದವರು. ಮಳೆಯನ್ನು ನಂಬಿ ಕೆಟ್ಟು, ಹೊಲಗಳನ್ನು ಹಿರಿಯರ ಕೈಗೆ ಬಿಟ್ಟು ರೈಲು ಹತ್ತಿದ ಮನೆತನಗಳ ಮಕ್ಕಳು. ಈ ಹುಡುಗನೂ ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆಯವನು. ಕಾರೊಂದಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿ. ಹಾಗೆ ಹದಿನೆಂಟು ಕಾರುಗಳನ್ನು, ಅವುಗಳ ಒಡೆಯರು ಕೆಲಸಕ್ಕೆ ಹೊರಡುವ ಮುನ್ನ, ಎಂಟರೊಳಗೆ ಮುಗಿಸಬೇಕು. ಕಾರಿಗೆ ಹತ್ತು ನಿಮಿಷವೂ ಸಿಕ್ಕುವುದಿಲ್ಲ.

ನೀರಿನದು ಇನ್ನೊಂದು ಕಥೆ. ಬೆಂಗಳೂರಿನ ಕಾವೇರಿ ಸುಮಾರು ನೂರು ಕಿಲೋಮೀಟರು ದೂರದಿಂದ, ಹಂತಹಂತವಾಗಿ ಪಂಪಿನಿಂದ ಮೇಲೇರಿ ಬರುವ ನದಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರು ಕಂಗೆಟ್ಟಾಗ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆ ವರ್ಷದ ಮಾರ್ಚಿಯಲ್ಲಿ ಆಜ್ಞೆಮಾಡಿತು. ಆಜ್ಞೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಾರಿನ ಒಡೆಯರು ಗಾಡಿ ಧೂಳಾಗಿರಲಿ ಎಂದು ಒಪ್ಪಿದವರಲ್ಲ. ಕಡಿಮೆಯಾದದ್ದು ಬಕೆಟ್ಟಿನ ಲೆಕ್ಕ ಮಾತ್ರ. ನಾಲ್ಕು ಕಾರಿಗೆ ಒಂದು ಬಕೆಟ್ಟು, ಒಂದೇ ಬಟ್ಟೆ. ಮೊದಲನೆಯ ಕಾರಿನ ಚಕ್ರದಡಿಯ ಮಣ್ಣು ನಾಲ್ಕನೆಯ ಕಾರಿನ ಬಾನೆಟ್ಟಿಗೆ ಹೋಗುತ್ತದೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಕ್ಲಿಯರಿಗಿಂತ ಎಷ್ಟೋ ಗಟ್ಟಿ. ಒದ್ದೆ ಬಟ್ಟೆ ಅವನ್ನು ಹಿಡಿದುಕೊಂಡು ಗಾಡಿಯ ಮೈಮೇಲೆ ಎಳೆದಾಡುತ್ತದೆ. ಒರೆಸುವ ಕೈಗೆ ಅದು ತಿಳಿಯುವುದಿಲ್ಲ.

ಮೇಸ್ತ್ರಿ ಯಾರನ್ನೂ ಬೈಯಲಿಲ್ಲ. ಗಾಡಿಯನ್ನು ಒಳಕ್ಕೆ ತರಿಸಿ, ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಸಾಧನವನ್ನು ತೆಗೆದ. ಅದನ್ನು ತಗಡಿಗೆ ಮುಟ್ಟಿಸಿದರೆ ಅದರ ಮೇಲಣ ಬಣ್ಣದ ದಪ್ಪವನ್ನು ಅಂಕಿಯಲ್ಲಿ ಹೇಳುತ್ತದೆ. ಪ್ಲಾಸ್ಟಿಕ್ಕಿನ ಬಂಪರಿನ ಮೇಲೆ ಇದರ ಆಟ ನಡೆಯದು. ಅದಕ್ಕೆ ಕೆಳಗೆ ಲೋಹ ಬೇಕು. ಅಳತೆ ಮೈಕ್ರಾನಿನಲ್ಲಿ, ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದಲ್ಲಿ ಒಂದು ಪಾಲು. ಮನುಷ್ಯನ ತಲೆಗೂದಲು ಹೆಚ್ಚುಕಡಿಮೆ 70 ಮೈಕ್ರಾನ್ ದಪ್ಪ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ತುಕ್ಕು ತಡೆಯುವ ಪದರು, ಪ್ರೈಮರು, ಬಣ್ಣ, ಕ್ಲಿಯರು ಎಲ್ಲವೂ ಕೂಡಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತವೆ. ಅದರಲ್ಲಿ ಮೇಲಣ ಕ್ಲಿಯರಿನ ಪಾಲು 35ರಿಂದ 50. ಬಿಸಿಲಿನ ಕ್ರೂರ ಕಿರಣಗಳನ್ನು ತಡೆಯುವ ದ್ರವ್ಯ ಇರುವುದು ಈ ಪದರಿನಲ್ಲೇ. ಎಂದಮೇಲೆ ಗಾಡಿಯ ಸೊಗಸು, ಆಯುಷ್ಯ, ಅದರ ಮೇಲೆ ಮಾಡುವ ಸಕಲ ಉಪಚಾರ ಎಲ್ಲಕ್ಕೂ ಇರುವ ಅವಕಾಶ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ.

ಮೇಸ್ತ್ರಿ ಮುಟ್ಟಿಸುತ್ತ ಹೋದ, ಒಬ್ಬ ಶಿಷ್ಯ ಸೀಸದ ಕಡ್ಡಿಯಿಂದ ಬರೆಯುತ್ತ ಹೋದ. ಮೇಲ್ಛಾವಣಿ 118. ಬಲಬಾಗಿಲು 114. ಎಡಗಡೆಯ ಹಿಂಬಾಗಿಲು 240.

“ಈ ಬಾಗಿಲಿಗೆ ಒಮ್ಮೆ ಪೇಂಟಾಗಿದೆ ಸಾರ್.”

“ಹೌದು. ನಮ್ಮ ಅಳಿಯ ಕಂಬಕ್ಕೆ ತಾಗಿಸಿದ್ದ,” ಎಂದರು ಗೃಹಸ್ಥರು, ಸ್ವಲ್ಪ ಸಂಕೋಚದಿಂದ.

ಬಾನೆಟ್ಟು 86. ಇನ್ನೊಂದು ಕಡೆ 84. ಮೂಗಿನ ಏಣಿನ ಬಳಿ 79. ಮೇಸ್ತ್ರಿ ಸಾಧನವನ್ನು ಒರೆಸಿ ಮತ್ತೆ ಮುಟ್ಟಿಸಿದ. ಅಂಕಿ ಬದಲಾಗಲಿಲ್ಲ. ಕೋಲಿನ ದೀಪವನ್ನು ಬಾನೆಟ್ಟಿನ ಮೇಲೆ ಓರೆಯಾಗಿ ಹಿಡಿದು, ಗೃಹಸ್ಥರನ್ನೂ ಹುಡುಗನನ್ನೂ ಹತ್ತಿರಕ್ಕೆ ಕರೆದ. ಬಲೆಯ ಕೆಳಗೆ ಇನ್ನೊಂದು ಬಗೆಯ ಗುರುತು ಕಂಡಿತು. ಅಗಲವಾದ, ಬೀಸಣಿಗೆಯಂತೆ ಬಾಗಿದ ಪಟ್ಟೆಗಳು; ದೀಪ ಅಲುಗಿದಂತೆ ಅವೂ ನೀರಿನ ನೆರಳಿನಂತೆ ಅಲುಗಿದವು.

“ಬಾಗಿಲ ಮೇಲಿರೋದು ಬಟ್ಟೆ ಕೆಲಸ ಸಾರ್, ಇಲ್ಲ ಅನ್ನಲ್ಲ,” ಎಂದ ಮೇಸ್ತ್ರಿ. “ಆದರೆ ಇದು ಬಟ್ಟೆಯಿಂದ ಆಗೋದಲ್ಲ. ಇದು ಮಿಷನ್ನಿನ ಗುರುತು. ಸುಮ್ಮನೆ ಗರಗರ ತಿರುಗೋ ಮಿಷನ್ನಿಗೆ ಉಣ್ಣೆ ಪ್ಯಾಡು ಹಾಕಿ, ಒತ್ತಿ ಉಜ್ಜಿದ್ದಾರೆ. ಒಂದು ಸಲ ಅಲ್ಲ. ಎಷ್ಟು ಸಲ ಮಾಡಿಸಿದೀರಿ?”

ಗೃಹಸ್ಥರು ಕೊಂಚ ಹೊತ್ತು ಲೆಕ್ಕ ಹಾಕಿದರು. ಕೊಂಡ ಮರುವರ್ಷ ಒಂದು ಸಲ. ಮಗಳ ಮದುವೆಗೆ ಒಂದು ಸಲ. ಆಮೇಲೆ ಪ್ರತಿವರ್ಷ ಆಯುಧಪೂಜೆಗೆ, ರಸ್ತೆಬದಿಯಲ್ಲಿ ಒಂದು ಗಂಟೆಯೊಳಗೆ ಮಾಡಿಕೊಡುವವರಲ್ಲಿ. ಒಟ್ಟು ಆರೇಳು ಸಲ. “ಪ್ರತಿ ಸಲವೂ ಕನ್ನಡಿ ಹಾಗೆ ಆಗುತ್ತಿತ್ತಲ್ಲ!” ಎಂದರು.

ಕನ್ನಡಿಯಂತಾಗುವುದು ಹೇಗೆಂಬುದನ್ನು ಇಲ್ಲಿ ಹೇಳಬೇಕು. ಪಾಲಿಷ್ ಎಂದರೆ ಗಾಡಿಗೆ ಏನನ್ನೋ ಬಳಿದು ಹೊಳಪು ತರುವುದೆಂದು ಬಹಳ ಜನರ ನಂಬಿಕೆ. ವಾಸ್ತವವಾಗಿ ಅದು ತೆಗೆಯುವ ಕೆಲಸ. ಗೀರು ಎಂದರೆ ಒಂದು ಪುಟ್ಟ ಕಾಲುವೆ; ಅದರ ಎರಡು ದಡಗಳು ಬೆಳಕನ್ನು ಚೆದರಿಸುತ್ತವೆ. ಆ ಕಾಲುವೆಯನ್ನು ಯಾರೂ ತುಂಬುವುದಿಲ್ಲ. ಸುತ್ತಣ ನೆಲವನ್ನೇ ಕಾಲುವೆಯ ತಳದವರೆಗೆ ಕೆರೆದು ಇಳಿಸುತ್ತಾರೆ. ನೆಲ ಇಳಿದಮೇಲೆ ಕಾಲುವೆ ಎಲ್ಲಿ ಉಳಿದೀತು? ಬಟ್ಟೆಯಿಂದಾದ ತೆಳುಗೀರಿಗೆ ಎರಡು ಮೂರು ಮೈಕ್ರಾನ್ ಇಳಿಸಿದರೆ ಸಾಕು. ಒರಟು ಕಾಂಪೌಂಡು ಹಾಕಿ ಅವಸರದಲ್ಲಿ ಉಜ್ಜುವವನು ಅದಕ್ಕಿಂತ ಎಷ್ಟೋ ಹೆಚ್ಚು ಕಳೆದು, ಆಮೇಲೆ ತನ್ನ ಯಂತ್ರದ ಪಟ್ಟೆಗಳನ್ನು ಎಣ್ಣೆಯಂಥ ಮೆರುಗಿನ ದ್ರವದಿಂದ ಮುಚ್ಚಿ ಕಳುಹಿಸುತ್ತಾನೆ. ನಾಲ್ಕು ಮಳೆಗೆ ಎಣ್ಣೆ ತೊಳೆದುಹೋಗಿ ಗುರುತು ಹೊರಬೀಳುತ್ತದೆ. ಒಡೆಯ ಮತ್ತೆ ಪಾಲಿಷಿಗೆ ಬರುತ್ತಾನೆ. ಹೀಗೆ ಬಂದು ಬಂದು ಕ್ಲಿಯರು ಸವೆದ ಗಾಡಿಗಳ ಮೇಲ್ಛಾವಣಿ ಈರುಳ್ಳಿಯ ಸಿಪ್ಪೆಯಂತೆ ಸುಲಿದು ನಿಂತಿರುವುದನ್ನು ಊರಿನ ಯಾವ ಬೀದಿಯಲ್ಲೂ ನೋಡಬಹುದು.

ಹುಡುಗ ಆವರೆಗೆ ಬಾಯಿ ತೆರೆದಿರಲಿಲ್ಲ. “ನಾ ಬೇಕಂತ ಮಾಡಿಲ್ರಿ ಸಾಹೇಬ್ರ,” ಎಂದಷ್ಟೇ ಹೇಳಿದ. ಗೃಹಸ್ಥರು ಅದಕ್ಕೆ ಉತ್ತರ ಕೊಡದೆ, ಮಾವಳ್ಳಿಯ ಟಿಫಿನ್ ರೂಮಿನಲ್ಲಿ ಕಾಫಿ ಕುಡಿದು ಬರುವುದಾಗಿ ಹೇಳಿ ಹೊರಟರು. 1924ರಿಂದ ನಡೆದು ಬಂದಿರುವ ಆ ಹೋಟೆಲಿನಲ್ಲಿ ಬೆಳಗಿನ ಹೊತ್ತು ಸರದಿ ಕಾಯಬೇಕಾಗುವುದರಿಂದ, ಸಿಟ್ಟು ಇಳಿಯುವುದಕ್ಕೂ ಬೇಕಾದಷ್ಟು ಕಾಲಾವಕಾಶವಿತ್ತು. ಹುಡುಗ ಶೆಡ್ಡಿನಲ್ಲೇ ಉಳಿದ.

ಕೆಲಸ ತೊಳೆಯುವುದರಿಂದ ಮೊದಲಾಯಿತು. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಕೈಗವಸಿನಂಥ ಮೆತ್ತನೆಯ ಉಣ್ಣೆಯನ್ನು ಸೋಪಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆದಮೇಲೆ, ಅದನ್ನು ಬರಿಯ ನೀರಿನಲ್ಲಿ ಜಾಲಾಡಿ ಮಣ್ಣು ಬಿಡಿಸಿ, ಆಮೇಲೆ ಮತ್ತೆ ಸೋಪಿಗೆ. ತೊಳೆಯುವುದು ಮೇಲಿನಿಂದ ಕೆಳಕ್ಕೆ. ಚಕ್ರಗಳಿಗೆ ಬೇರೆ ಬಟ್ಟೆ. ಬಳಿಕ ಒಂದು ದ್ರಾವಣವನ್ನು ಸಿಂಪಡಿಸಿದರು. ಬ್ರೇಕಿನಿಂದ ಹಾರಿ ಬಣ್ಣದಲ್ಲಿ ನೆಟ್ಟ ಕಬ್ಬಿಣದ ಪುಡಿ ಇದ್ದಲ್ಲೆಲ್ಲ ಆ ದ್ರಾವಣ ನೇರಳೆಯ ಬಣ್ಣಕ್ಕೆ ತಿರುಗಿ, ಗಾಡಿ ಜಂಬುನೇರಳೆ ತಿಂದ ಮಗುವಿನ ಬಾಯಂತಾಯಿತು. ಆಮೇಲೆ ಜೇಡಿಮಣ್ಣಿನಂಥ ಒಂದು ಮುದ್ದೆ. ಜಾರುನೀರಿನ ಮೇಲೆ ಅದನ್ನು ಹಗುರಾಗಿ ಓಡಿಸಿದರೆ ಮೊದಲು ಸರಸರ ಸದ್ದು. ಅಂಟಿಕೊಂಡ ಕೊಳೆ ಬಿಟ್ಟಂತೆ ಸದ್ದು ಅಡಗುತ್ತದೆ. ಮೇಸ್ತ್ರಿಯ ಶಿಷ್ಯರು ಈ ಕೆಲಸವನ್ನು ಕಿವಿಯಿಂದಲೇ ಅಳೆಯುತ್ತಾರೆ.

ಒಣಗಿಸಿದಮೇಲೆ ಏಣುಗಳಿಗೂ ರಬ್ಬರಿಗೂ ಕಪ್ಪು ಪ್ಲಾಸ್ಟಿಕ್ಕಿಗೂ ನೀಲಿಯ ಟೇಪು. ಏಣಿನ ಮೇಲೆ ಬಣ್ಣ ತೆಳುವಾಗಿ ನಿಲ್ಲುವುದರಿಂದ ಯಂತ್ರ ಅಲ್ಲಿ ಒಂದು ಕ್ಷಣ ತಡೆದರೂ ಕ್ಲಿಯರು ಹರಿದುಹೋದೀತು.

ಇಂದಿನ ಈ ಯಂತ್ರದ ನಡೆ ವಿಚಿತ್ರವಾದದ್ದು. ಹಳೆಯ ಯಂತ್ರದ ಬಿಲ್ಲೆ ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ, ಕಾವು ಹುಟ್ಟಿಸುತ್ತದೆ, ಒಂದೇ ದಿಕ್ಕಿಗೆ ಕೆರೆದು ಪಟ್ಟೆ ಮೂಡಿಸುತ್ತದೆ. ಹೊಸದು ಹಾಗಲ್ಲ. ವಾಲಾಡುವ ಬುಗುರಿ ತನ್ನ ಸುತ್ತ ತಿರುಗುತ್ತಲೇ ನೆಲದ ಮೇಲೂ ಸುತ್ತುಹಾಕುವಂತೆ, ಇದರ ಬಿಲ್ಲೆಗೆ ಎರಡು ಚಲನೆ. ಕಸುಬಿನವರು ಇದನ್ನು ‘ಡಿ. ಎ. ಮಿಷನ್’ ಎನ್ನುತ್ತಾರೆ. ಯಾವ ಬಿಂದುವಿನ ಮೇಲೂ ಅದು ಒಂದೇ ದಾರಿಯಲ್ಲಿ ಎರಡು ಬಾರಿ ಹಾಯುವುದಿಲ್ಲವಾಗಿ ಪಟ್ಟೆ ಮೂಡುವುದು ಕಡಿಮೆ, ಕಾವೂ ಕಡಿಮೆ. ಅದಕ್ಕೊಂದು ಸ್ವಾಭಿಮಾನವೂ ಇದೆ: ಬಲವಾಗಿ ಒತ್ತಿದರೆ ತಿರುಗುವುದನ್ನು ಬಿಟ್ಟು ಸುಮ್ಮನೆ ನಡುಗುತ್ತ ನಿಲ್ಲುತ್ತದೆ. ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗಲೆಂದು ಬಿಲ್ಲೆಯ ಬೆನ್ನಿಗೆ ಶಿಷ್ಯನೊಬ್ಬ ಕಪ್ಪು ಗೆರೆ ಎಳೆದಿದ್ದ.

ಬಲಬಾಗಿಲಿನ ಮೇಲೆ ಒಂದೂವರೆ ಅಡಿ ಚೌಕವನ್ನು ಪರೀಕ್ಷೆಗೆಂದು ಗೊತ್ತುಮಾಡಿದರು. ಮೇಸ್ತ್ರಿಯ ನಿಯಮ, ಮೆದುವಾದದ್ದರಿಂದ ಮೊದಲುಮಾಡುವುದು. ಮೆತ್ತನೆಯ ಸ್ಪಂಜಿನ ಪ್ಯಾಡಿಗೆ ಬಟಾಣಿ ಕಾಳಿನಷ್ಟು ನಾಲ್ಕು ತೊಟ್ಟು ಪಾಲಿಷ್. ಇದು ಕೆನೆಯಂತಿದ್ದರೂ ಒಳಗೆ ಅಲ್ಯುಮಿನಿಯಂ ಆಕ್ಸೈಡಿನ ಅತಿ ಸಣ್ಣ ಹರಳುಗಳಿವೆ. ಕುರುಂದದ ಕಲ್ಲೂ ಅದೇ ದ್ರವ್ಯ. ಊರಿನಲ್ಲಿ ಕತ್ತಿಗೆ ಸಾಣೆ ಹಿಡಿಯುವವನ ಚಕ್ರಕ್ಕೂ ಇದಕ್ಕೂ ದೂರದ ನೆಂಟಸ್ತನವಿದೆ. ಯಂತ್ರವನ್ನು ಮೈಗೆ ತಾಗಿಸಿದಮೇಲೆಯೇ ಗುಂಡಿ ಒತ್ತಬೇಕು. ಮೊದಲೇ ಒತ್ತಿದರೆ ಪಾಲಿಷ್ ಗೋಡೆಗೆ ಹಾರುತ್ತದೆ. ಮೆಲ್ಲನೆ ಹರಡಿ, ವೇಗ ಏರಿಸಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಒಂದು ಸಾಲಿನ ಅರ್ಧ ಇನ್ನೊಂದು ಸಾಲಿನ ಮೇಲೆ ಬರುವಂತೆ, ಸೆಕೆಂಡಿಗೆ ಒಂದೆರಡು ಅಂಗುಲದಂತೆ ಸಾಗಬೇಕು. ನೇಗಿಲು ಹೊಡೆದವನಿಗೆ ಈ ನಡೆಯನ್ನು ಕಲಿಸಬೇಕಾಗಿಲ್ಲ. ನೋಡುತ್ತ ನಿಂತಿದ್ದ ಸಿಂಧನೂರಿನ ಹುಡುಗನ ಬಲಗೈ, ಅವನಿಗರಿಯದೆಯೇ, ಗಾಳಿಯಲ್ಲಿ ಆ ಸಾಲುಗಳನ್ನು ಹೊಡೆಯುತ್ತಿತ್ತು.

ನಾಲ್ಕು ಸಾಲಿನ ಬಳಿಕ ಯಂತ್ರ ನಿಂತಿತು. ಮೇಸ್ತ್ರಿ ಬಟ್ಟೆಯಿಂದ ಒರೆಸಿ, ಅಷ್ಟಕ್ಕೇ ತೃಪ್ತನಾಗದೆ, ಸ್ಪಿರಿಟ್ಟು ಬೆರೆಸಿದ ನೀರನ್ನು ಚಿಮುಕಿಸಿ ಮತ್ತೆ ಒರೆಸಿದ. ಪಾಲಿಷಿನ ಎಣ್ಣೆ ಗೀರಿನೊಳಗೆ ಕುಳಿತು ಗೀರು ಹೋಯಿತೆಂದು ನಂಬಿಸಬಲ್ಲದು. ಸ್ಪಿರಿಟ್ಟು ಆ ಸುಳ್ಳನ್ನು ಬಯಲುಮಾಡುತ್ತದೆ. ದೀಪ ಹಿಡಿದರು. ಚೌಕದ ಹೊರಗೆ ಬಲೆ ಇತ್ತು. ಒಳಗೆ ದೀಪದ ಬಿಂಬ ಒಂಟಿಯಾಗಿ, ಬಾವಿಯ ನೀರಿನಲ್ಲಿ ಬಿದ್ದ ಚಂದ್ರನಂತೆ ನಿಂತಿತ್ತು. ಹುಡುಗ ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಲು ಹೋಗಿ, ಕೈ ಹಿಂದಕ್ಕೆ ಸೆಳೆದುಕೊಂಡ.

“ಮುಟ್ಟಪ್ಪ, ಪರವಾಗಿಲ್ಲ,” ಎಂದ ಮೇಸ್ತ್ರಿ.

ಮೈಸೂರಿನ ದಾರಿಯಲ್ಲಿ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವವರ ಬಳಿ ಕುಳಿತವರಿಗೆ ಈ ನೋಟದಲ್ಲಿ ಹಳೆಯ ಪರಿಚಯವೊಂದು ಕಂಡೀತು. ಅಲ್ಲಿ ತಿರುಗುವ ಮರಕ್ಕೆ ಅರಗನ್ನು ಒತ್ತಿ, ಅದು ಉಜ್ಜಿದ ಕಾವಿಗೇ ಕರಗಿ ಹತ್ತಿದಮೇಲೆ, ಒಣಗಿದ ಗರಿಯೊಂದನ್ನು ಮೆಲ್ಲನೆ ಅದುಮಿ ಹಿಡಿಯುತ್ತಾರೆ. ಮಂಕಾಗಿದ್ದ ಅರಗು ಕಣ್ಣೆದುರೇ ಕಣ್ಣುಬಿಡುತ್ತದೆ. ಯಂತ್ರ ಹೊಸದು, ದ್ರವ್ಯ ಹೊಸದು. ಎಷ್ಟು ಒತ್ತಬೇಕು, ಎಲ್ಲಿ ಕೈ ತೆಗೆಯಬೇಕು ಎಂಬ ಅರಿವು ಮಾತ್ರ ಹಳೆಯದೇ.

ಮಧ್ಯಾಹ್ನದ ಹೊತ್ತಿಗೆ ಬಾಗಿಲುಗಳೂ ಛಾವಣಿಯೂ ಡಿಕ್ಕಿಯ ಮುಚ್ಚಳವೂ ಮುಗಿದವು. ಮಂಕಾದ ಪ್ಯಾಡುಗಳನ್ನು ಶಿಷ್ಯರು ಬ್ರಷ್ಷಿನಿಂದ ಕೆರೆದು, ಹೊಸದು ಹಾಕಿ, ಮತ್ತೆ ನಡೆಸಿದರು. ಬಾನೆಟ್ಟನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಮೇಸ್ತ್ರಿ ತನಗೇ ಇಟ್ಟುಕೊಂಡಿದ್ದ. ಇದ್ದುದರಲ್ಲೆಲ್ಲ ಮೆದುವಾದ ಪ್ಯಾಡನ್ನೂ ನುಣ್ಣನೆಯ ಪಾಲಿಷನ್ನೂ ತೆಗೆದುಕೊಂಡು, ಯಂತ್ರದ ಭಾರವೊಂದನ್ನೇ ಬಿಟ್ಟು, ಕೈಯ ಭಾರ ಬೀಳದಂತೆ ಎರಡೇ ಸಾಲು ನಡೆಸಿ ನಿಲ್ಲಿಸಿದ. ಬಲೆಯ ಬಹುಪಾಲು ಹೋಯಿತು. ಹಳೆಯ ಪಟ್ಟೆಗಳು ತೆಳುವಾದವು. ಆದರೆ ನಡುವೆ ಉಗುರಿಗೆ ಸಿಕ್ಕುವಷ್ಟು ಆಳದ ಎರಡು ಗೀರುಗಳು, ಮೂಗಿನ ಬಳಿ ಒಂದು ಮಸುಕು ಪಟ್ಟೆ ಹಾಗೆಯೇ ಉಳಿದವು.

ಎಂದೋ ಹಿಂತಿರುಗಿ ಬಂದು ಕಾದಿದ್ದ ಗೃಹಸ್ಥರು ಮೊದಲು ನೋಡಿದ್ದು ಅದನ್ನೇ. “ಇದು ಹೋಗಿಲ್ಲವಲ್ಲ, ಮೇಸ್ತ್ರಿ?”

“ಹೋಗಿಲ್ಲ ಸಾರ್. ತೆಗೀಬಹುದು. ತೆಗೆಯಲ್ಲ.”

“ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ. ಹಬ್ಬಕ್ಕೆ ಕನ್ನಡಿ ಹಾಗಿರಬೇಕು.”

“ದುಡ್ಡಿನ ಮಾತಲ್ಲ ಸಾರ್. ನಿಮ್ಮ ಹತ್ತಿರ ದುಡ್ಡಿದೆ. ಬಾನೆಟ್ಟಿನ ಹತ್ತಿರ ಖರ್ಚು ಮಾಡೋದಕ್ಕೆ ಏನೂ ಉಳಿದಿಲ್ಲ.” ಶಿಷ್ಯ ಬರೆದಿದ್ದ ಚೀಟಿಯನ್ನು ಮೇಸ್ತ್ರಿ ಮುಂದೆ ಹಿಡಿದ. “ಇಲ್ಲಿ ನೂರರ ಮೇಲೆ ಇರಬೇಕಾಗಿತ್ತು. ಇನ್ನೊಂದು ಸಲ ಕಾಂಪೌಂಡು ಹಾಕಿದರೆ ಈ ವರ್ಷ ಕನ್ನಡಿ. ಎರಡು ಬೇಸಿಗೆಗೆ ಸಿಪ್ಪೆ ಏಳುತ್ತೆ. ಆಗ ಬಂದು ನನ್ನನ್ನೇ ಕೇಳ್ತೀರಿ.”

ಇಷ್ಟು ಹೇಳುವುದರಿಂದ ಅವನ ಕೈಗೆ ಬರಬೇಕಾದ ಒಂದು ದಿನದ ಸಂಪಾದನೆ ಹೋಯಿತೆಂಬುದನ್ನು ಬ್ಯಾಂಕಿನಲ್ಲಿ ಲೆಕ್ಕ ಬರೆದವರು ಅರಿಯದೆ ಇರಲಾರರು. ಗೃಹಸ್ಥರು ಚೀಟಿಯನ್ನು ಕನ್ನಡಕದ ಹತ್ತಿರಕ್ಕೆ ತಂದು, ಮೇಲ್ಛಾವಣಿಯ ಅಂಕಿಯಿಂದ ಬಾನೆಟ್ಟಿನ ಅಂಕಿಯನ್ನು ಮನಸ್ಸಿನಲ್ಲೇ ಕಳೆದರು. ಮೂವತ್ತನಾಲ್ಕು. ಛಾವಣಿಯನ್ನೂ ಈ ಹುಡುಗನೇ ದಿನವೂ ಒರೆಸುತ್ತಿದ್ದ. ಆ ವ್ಯತ್ಯಾಸ ಯಾರ ಖಾತೆಗೆ ಸೇರಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಸಂಬಳದ ಮಾತು ಮತ್ತೆ ಬರಲಿಲ್ಲ.

ಕೊನೆಯ ಕೆಲಸ ಮೇಣ. ಬ್ರೆಜಿಲ್ ದೇಶದ ಒಂದು ಬಗೆಯ ತಾಳೆಮರದ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣವದು. ಅದಕ್ಕಿಂತ ಹೆಚ್ಚು ದಿನ ನಿಲ್ಲುವ, ಹೆಚ್ಚು ಬೆಲೆಯ ಸಿರಾಮಿಕ್ ಲೇಪಗಳು ಈಗ ಬಂದಿವೆ. ಅವುಗಳ ಗುಣವೇನೇ ಇರಲಿ, ಮಣ್ಣುಹತ್ತಿದ ಬಟ್ಟೆಗೆ ಅವೂ ಹೆದರಲೇಬೇಕು.

ಗಲ್ಲಿಯಲ್ಲಿ ಸಂಜೆಯ ಓರೆಬಿಸಿಲು ಬೀಳುವ ಹೊತ್ತಿಗೆ ಗಾಡಿ ಹೊರಗೆ ಬಂದಿತು. ಪುಟ್ಟಿ ಮೆತ್ತುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಬಾಗಿಲಿನ ಮೇಲೆ ಎದುರುಗಡೆಯ ಮನೆಯ ತುಳಸಿಕಟ್ಟೆ, ತಂತಿಯ ಮೇಲಣ ಬಟ್ಟೆ, ಆಕಾಶದ ಒಂದು ತುಂಡು ಎಲ್ಲ ಬಂದು ಕುಳಿತಿದ್ದವು. ಮೇಸ್ತ್ರಿ ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

“ನೋಡಪ್ಪ, ಎರಡು ಬಕೆಟ್ಟು ನಿನಗೆ ಸಿಗಲ್ಲ. ನನಗೆ ಗೊತ್ತು. ಒಂದೇ ಬಕೆಟ್ಟಿರಲಿ. ಅದರಲ್ಲಿ ಎಂಟು ಬಟ್ಟೆ ಹಾಕು. ಒಂದು ತೆಗಿ, ನಾಲ್ಕು ಮಡಿಕೆ ಮಾಡು, ಒಂದು ಮಡಿಕೆಯಲ್ಲಿ ಒಂದೇ ಕಡೆ ಒರೆಸು. ಕೊಳೆಯಾಯ್ತು ಅಂದರೆ ಮಡಿಕೆ ತಿರುಗಿಸು. ಎಲ್ಲ ಮಡಿಕೆ ಮುಗೀತು ಅಂದರೆ ಆ ಬಟ್ಟೆ ಪಕ್ಕಕ್ಕೆ ಹಾಕು. ಏನಾದರೂ ಆಗಲಿ, ಅದನ್ನ ಮತ್ತೆ ಬಕೆಟ್ಟಿಗೆ ಅದ್ದಬೇಡ. ಬಕೆಟ್ಟಿನ ನೀರು ಕೊನೇವರೆಗೂ ತಿಳಿಯಾಗೇ ಇರಬೇಕು. ಒಣಧೂಳನ್ನ ಬಡಿದು ಒರೆಸೋದು ಮಾತ್ರ ಇವತ್ತಿಂದ ಬಿಡು.”

ಹುಡುಗ ಬೆರಳೆಣಿಸಿ ಲೆಕ್ಕ ಹಾಕಿದ. “ಹದಿನೆಂಟ್ ಕಾರ್ ಅದಾವ್ರಿ ಉಸ್ತಾದ್ರ. ಕಾರಿಗೆ ಎಂಟ್ ಬಟ್ಟಿ ಅಂದ್ರ ನೂರಾ ನಲವತ್ನಾಕ ಆಗತಾವ್ರಿ. ಅಷ್ಟು ಬಟ್ಟಿ ಎಲ್ಲಿಂದ ತರ್ಲ್ರಿ? ತಂದ್ರೂ ದಿನಾ ಒಗಿಯಾಕ ನೀರು ಯಾರು ಕೊಡ್ತಾರ್ರಿ?”

ಮೇಸ್ತ್ರಿ ನಕ್ಕು, ಬೀಡಿ ಹಚ್ಚುತ್ತ, ಗೃಹಸ್ಥರ ಮುಖ ನೋಡಿದ. ಗೃಹಸ್ಥರು ಕಾರಿನ ಬೀಗದ ಕೈಯನ್ನು ಈ ಕೈಯಿಂದ ಆ ಕೈಗೆ ಎರಡು ಸಲ ಬದಲಾಯಿಸಿದರು.

“ನನ್ನ ಗಾಡಿಯ ಎಂಟು ನಾನು ಕೊಡಿಸ್ತೀನಿ,” ಎಂದರು. “ಒಗೆಯೋದು ನಮ್ಮ ಮನೆ ಮಿಷನ್ನಿಗೇ ಹಾಕು. ಮಿಕ್ಕ ಹದಿನೇಳು ಮನೆಯವರಿಗೆ ಭಾನುವಾರದ ಸಭೆಯಲ್ಲಿ ಹೇಳಿ ನೋಡೋಣ. ಕೇಳ್ತಾರೋ ಇಲ್ಲವೋ.”

ಶಿಷ್ಯನೊಬ್ಬ ಮೈಕ್ರೋಫೈಬರ್ ಬಟ್ಟೆಯ ಕಟ್ಟನ್ನು ತರಲು ದೊಡ್ಡ ರಸ್ತೆಯ ಅಂಗಡಿಗೆ ಓಡಿದ. ಅವನು ಬರುವವರೆಗೂ ಹುಡುಗ ಹಿಂಬಾಗಿಲಿನ ಬಳಿಯೇ ನಿಂತಿದ್ದ. ಕಟ್ಟು ಬಂದಮೇಲೆ ಗೃಹಸ್ಥರು ಒಳಗಿನಿಂದಲೇ ಬಾಗಿ ಮುಂಬಾಗಿಲನ್ನು ತೆರೆದರು. ಅವನು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಾಗಿಲನ್ನು ಹೊರಗಿನಿಂದ ತಳ್ಳಿ ಮುಚ್ಚಲು ಬಂದ ಶಿಷ್ಯ, ಅಂಗೈ ಊರಲು ಹೋದವನು ತಡೆದು, ಹಿಡಿಕೆಯನ್ನಷ್ಟೇ ಹಿಡಿದು ಮುಚ್ಚಿದ. ಅಷ್ಟರಲ್ಲಿ ಗಲ್ಲಿಯ ಬಾಯಿಯಲ್ಲಿ ಇನ್ನೊಂದು ಕಪ್ಪು ಗಾಡಿ, ಒಳಗೆ ಬರಲು ಜಾಗವಿಲ್ಲದೆ, ಹಾರನ್ನು ಬಾರಿಸುತ್ತ ನಿಂತಿತ್ತು.